ಪಾಸ್‌ಪೋರ್ಟಿನಲ್ಲಿ ಗುಲ್ಬರ್ಗಾ, ಚೀಲದಲ್ಲಿ ಇನ್ಸುಲಿನ್: ಹಡಗು ಹತ್ತುವ ಮುನ್ನ

ಪ್ರಶ್ನೆ: ನಾನು ಕಲಬುರಗಿಯ ನಿವೃತ್ತ ಶಿಕ್ಷಕಿ, ವಯಸ್ಸು 62. ಯಜಮಾನರಿಗೆ 67, ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಸಿಂಗಪುರದಲ್ಲಿರುವ ಮಗ ನಮ್ಮಿಬ್ಬರಿಗೂ ನನ್ನ ನಾದಿನಿಗೂ ನಾಲ್ಕು ರಾತ್ರಿಯ ಕ್ರೂಸ್ ಬುಕ್ ಮಾಡಿದ್ದಾನೆ. ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ನೋಡಿಕೊಂಡು ಮರಳಿ ಸಿಂಗಪುರಕ್ಕೆ. ಡಿಸೆಂಬರ್ 10ರ ರಾತ್ರಿ ಹೈದರಾಬಾದಿನಿಂದ ವಿಮಾನ, 11ರ ಬೆಳಿಗ್ಗೆ ಸಿಂಗಪುರ, ಅದೇ ಸಂಜೆ ಹಡಗು. ನಮ್ಮ ಪಾಸ್‌ಪೋರ್ಟಿನಲ್ಲಿ ಜನ್ಮಸ್ಥಳ ಗುಲ್ಬರ್ಗಾ ಎಂದಿದೆ, ಆಧಾರ್‌ನಲ್ಲಿ ಕಲಬುರಗಿ ಎಂದಿದೆ. ಇದರಿಂದ ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ ಎಂದು ಪರಿಚಿತರೊಬ್ಬರು ಹೆದರಿಸಿದ್ದಾರೆ. ನಾದಿನಿಗೆ 58, ಓದಿದ್ದು ಏಳನೆಯ ತರಗತಿ. ಅವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂಬ ಮುದ್ರೆ ಇದೆ, ಅವಧಿ ಮುಂದಿನ ಮೇ 20ರವರೆಗೆ ಇದೆ. ಇಸಿಆರ್ ಇದ್ದವರು ಮಲೇಷ್ಯಾ, ಥಾಯ್ಲೆಂಡ್‌ಗೆ ಹೋಗುವಂತಿಲ್ಲವಂತೆ, ನಿಜವೇ? ನನಗೆ ಬಸ್ಸಿನಲ್ಲಿ ಹುಮನಾಬಾದ್ ತಲುಪುವಷ್ಟರಲ್ಲಿ ವಾಂತಿ ಬರುತ್ತದೆ. ಸಮುದ್ರದಲ್ಲಿ ಹೇಗೋ ಏನೋ. ನಾವು ಶುದ್ಧ ಸಸ್ಯಾಹಾರಿಗಳು, ಯಜಮಾನರದು ದಿನವೂ ಇಷ್ಟಲಿಂಗ ಪೂಜೆ. ರೊಟ್ಟಿ, ಪೂಜಾ ಸಾಮಾನು ಒಯ್ಯಬಹುದೇ? ಹೋಗುವುದೇ ಬೇಡ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಉತ್ತರ: ಅಕ್ಕನವರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಭಯವೆಲ್ಲ ಸಮುದ್ರದ ಮೇಲಿದೆ, ಊರಿನ ಹೆಸರಿನ ಮೇಲಿದೆ. ಇವೆರಡೂ ನಿಮ್ಮನ್ನು ತಡೆಯುವುದಿಲ್ಲ. ಆದರೆ ನೀವು ಪ್ರಶ್ನೆಯಾಗಿ ಕೇಳದೆ, ಹಾಗೇ ಹೇಳಿಬಿಟ್ಟಿರುವ ಒಂದು ಸಾಲು ಈ ಪ್ರಯಾಣವನ್ನು ಖಂಡಿತ ತಡೆಯುತ್ತದೆ. ನಾದಿನಿಯವರ ಪಾಸ್‌ಪೋರ್ಟ್ ಮೇ 20ಕ್ಕೆ ಮುಗಿಯುತ್ತದೆ ಎಂಬ ಸಾಲು.

ಸಿಂಗಪುರ, ಮಲೇಷ್ಯಾ, ಥಾಯ್ಲೆಂಡ್ ಕಡೆ ಹೋಗುವಾಗ ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಡಿಸೆಂಬರ್ 11ರಿಂದ ಬೆರಳು ಮಡಚಿ ಎಣಿಸಿ: ಜೂನ್ 11 ಬರುತ್ತದೆ. ನಾದಿನಿಯವರಿಗೆ ಇಪ್ಪತ್ತೆರಡು ದಿನ ಕಡಿಮೆ ಬೀಳುತ್ತದೆ. ಪಾಸ್‌ಪೋರ್ಟ್ ಚಾಲ್ತಿಯಲ್ಲಿದೆಯಲ್ಲ ಎಂದು ಅಲ್ಲಿ ವಾದಿಸಿ ಪ್ರಯೋಜನವಿಲ್ಲ. ಮೊದಲೆಲ್ಲ ಇಂಥ ತೊಡಕು ಸಿಂಗಪುರದಲ್ಲಿ ಇಳಿದ ಮೇಲೆ ಗೊತ್ತಾಗುತ್ತಿತ್ತು. 2026ರ ಜನವರಿ 30ರಿಂದ ಅಲ್ಲಿನ ವಲಸೆ ಇಲಾಖೆ, ಪ್ರವೇಶದ ಅರ್ಹತೆ ಇಲ್ಲದವರನ್ನು ವಿಮಾನ ಹತ್ತಿಸಬೇಡಿ ಎಂದು ವಿಮಾನ ಸಂಸ್ಥೆಗಳಿಗೆ ನೇರವಾಗಿ ಸೂಚಿಸುವ ವ್ಯವಸ್ಥೆ ತಂದಿದೆ. ಅಂದರೆ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣದ ಕೌಂಟರ್‌ನಲ್ಲೇ, ಮೂವರ ಸಾಮಾನು ತೂಕದ ಪಟ್ಟಿಯ ಮೇಲೆ ಇಟ್ಟಿರುವಾಗಲೇ, ಒಬ್ಬರು ಹಿಂದೆ ಉಳಿಯುವ ಪ್ರಸಂಗ ಬರಬಹುದು. ಮೂವರಲ್ಲಿ ಒಬ್ಬರನ್ನು ಬಿಟ್ಟು ಇಬ್ಬರು ಹೋಗುವ ಮನಸ್ಸು ಯಾರಿಗೆ ಬರುತ್ತದೆ?

ಕಲಬುರಗಿಯಲ್ಲಿ ಟಿಕೆಟ್ ಮತ್ತು ವೀಸಾ ಕೆಲಸ ಮಾಡುತ್ತ ನನಗೆ ಇಪ್ಪತ್ತೆರಡು ವರ್ಷವಾಯಿತು. ಗಲ್ಫ್‌ಗೆ ದುಡಿಯಲು ಹೋಗುವವರು, ಉಮ್ರಾ ಯಾತ್ರಿಕರು, ಈಗೀಗ ಮಕ್ಕಳನ್ನು ನೋಡಲು ಹೋಗುವ ನಿಮ್ಮಂಥ ಹಿರಿಯರು, ಎಲ್ಲರನ್ನೂ ಕಳಿಸಿದ್ದೇನೆ. ಪ್ರಯಾಣ ಮುರಿದುಬಿದ್ದ ಪ್ರಕರಣಗಳಲ್ಲಿ ಬಹುಪಾಲು ಇಂಥ ಎಣಿಕೆಯಲ್ಲೇ ಸೋತಿವೆ. ಬಿರುಗಾಳಿಯಿಂದ ಹಿಂದಿರುಗಿದವರು ನನಗೆ ಒಬ್ಬರೂ ನೆನಪಿಲ್ಲ.

ಆದ್ದರಿಂದ ಈ ವಾರವೇ ನಾದಿನಿಯವರ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಿಸಿ. ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಹಾಕಬಹುದು, ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ, ಕಲಬುರಗಿಯಲ್ಲೇ ಕೇಂದ್ರವಿದೆ. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ 1500 ರೂಪಾಯಿ, ತತ್ಕಾಲ್ ಆದರೆ ಮೇಲೆ 2000. ಇನ್ನೂ ಮೂರು ತಿಂಗಳು ಇರುವುದರಿಂದ ತತ್ಕಾಲ್‌ನ ಅಗತ್ಯ ನನಗೆ ಕಾಣುವುದಿಲ್ಲ. ಪೊಲೀಸ್ ಪರಿಶೀಲನೆ ಬಂದರೆ ಅವರು ಮನೆಯಲ್ಲಿರಲಿ, ಅಷ್ಟೆ. ಹೊಸ ಪಾಸ್‌ಪೋರ್ಟ್ ಬಂದರೆ ಸಂಖ್ಯೆ ಬದಲಾಗುತ್ತದೆ ಎಂಬುದನ್ನು ಮರೆಯಬೇಡಿ. ಮಗ ಹಳೆಯ ಸಂಖ್ಯೆ ಕೊಟ್ಟು ಹಡಗು ಬುಕ್ ಮಾಡಿರುತ್ತಾರೆ. ಅಲ್ಲೂ ವಿಮಾನದ ಟಿಕೆಟ್‌ನಲ್ಲೂ ಹೊಸದನ್ನು ಸೇರಿಸಬೇಕು. ಅವರ ವೀಸಾ ಅರ್ಜಿಯನ್ನು ಹೊಸ ಪುಸ್ತಕ ಕೈಗೆ ಬಂದ ಮೇಲೆಯೇ ಹಾಕಿ.

ಇದೇ ಅರ್ಜಿಯಲ್ಲಿ ನಿಮ್ಮ ಇಸಿಆರ್ ಚಿಂತೆಯೂ ಕಳೆಯುತ್ತದೆ. ಇಸಿಆರ್ ಎಂದರೆ ವಲಸೆ ತಪಾಸಣೆ ಬೇಕು ಎಂದರ್ಥ. ಹತ್ತನೆಯ ತರಗತಿ ಮುಗಿಸದವರು ಹೊರದೇಶದಲ್ಲಿ ಕೂಲಿಗೆ ಹೋಗಿ ಮೋಸಹೋಗಬಾರದು ಎಂದು ಸರ್ಕಾರ ಇಟ್ಟ ಕಾವಲು ಅದು. 18 ದೇಶಗಳಿಗೆ ಅನ್ವಯಿಸುತ್ತದೆ. ಗಲ್ಫ್ ದೇಶಗಳ ಜೊತೆ ಮಲೇಷ್ಯಾ, ಥಾಯ್ಲೆಂಡ್, ಇಂಡೋನೇಷ್ಯಾ ಆ ಪಟ್ಟಿಯಲ್ಲಿವೆ, ಸಿಂಗಪುರ ಇಲ್ಲ. ಆದರೆ ತಪಾಸಣೆ ಇರುವುದು ಉದ್ಯೋಗಕ್ಕೆ ಹೋಗುವವರಿಗೆ. ಹಿಂದಿರುಗುವ ಟಿಕೆಟ್ ಹಿಡಿದು ಪ್ರವಾಸಕ್ಕೆ ಹೊರಟವರನ್ನು ಅದು ತಡೆಯುವುದಿಲ್ಲ. ನಿಮ್ಮ ಪರಿಚಿತರು ಯಾರೋ ಕೆಲಸಕ್ಕೆ ಹೊರಟವರ ಕತೆ ಕೇಳಿ ನಿಮಗೆ ಅನ್ವಯಿಸಿದ್ದಾರೆ. ಇನ್ನೊಂದು ಸಂಗತಿ: 50 ವರ್ಷ ದಾಟಿದವರಿಗೆ ಈ ತಪಾಸಣೆಯಿಂದಲೇ ವಿನಾಯಿತಿ ಇದೆ. ನಾದಿನಿಯವರಿಗೆ 58. ಅರ್ಜಿಯಲ್ಲಿ ‘ನಾನ್ ಇಸಿಆರ್’ ಎಂಬ ಕಡೆ ಗುರುತು ಹಾಕಿದರೆ ಹೊಸ ಪಾಸ್‌ಪೋರ್ಟ್ ಆ ಮುದ್ರೆಯಿಲ್ಲದೆ ಬರುತ್ತದೆ.

ಈಗ ಗುಲ್ಬರ್ಗಾ ಮತ್ತು ಕಲಬುರಗಿ. ನಮ್ಮ ಭಾಗದಲ್ಲಿ ಈ ಪ್ರಶ್ನೆಯನ್ನು ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. 2014ರ ನವೆಂಬರ್ 1ರಂದು ಊರಿನ ಹೆಸರು ಅಧಿಕೃತವಾಗಿ ಕಲಬುರಗಿ ಆಯಿತು. ಅದಕ್ಕೂ ಮೊದಲು ಪಾಸ್‌ಪೋರ್ಟ್ ಪಡೆದವರ ಜನ್ಮಸ್ಥಳ ಗುಲ್ಬರ್ಗಾ ಎಂದೇ ಇರುತ್ತದೆ. ನನ್ನದೂ ಹಾಗೆಯೇ ಇದೆ. ವಲಸೆ ಅಧಿಕಾರಿ ನಿಮ್ಮ ಆಧಾರ್ ಕೇಳುವುದಿಲ್ಲ. ಅವರ ಮುಂದೆ ಇರುವುದು ಪಾಸ್‌ಪೋರ್ಟ್, ವೀಸಾ, ಟಿಕೆಟ್, ಈ ಮೂರೇ. ಈ ಮೂರು ಒಂದಕ್ಕೊಂದು ಹೊಂದಬೇಕು. ಆದ್ದರಿಂದ ವೀಸಾ ಅರ್ಜಿಯಲ್ಲಿ ಅಭಿಮಾನದಿಂದ ಕಲಬುರಗಿ ಎಂದು ಬರೆಯಲು ಹೋಗಬೇಡಿ. ಪಾಸ್‌ಪೋರ್ಟಿನಲ್ಲಿ ಯಾವ ಅಕ್ಷರಗಳಿವೆಯೋ ಅವನ್ನೇ ಬರೆಯಿರಿ. ನಾದಿನಿಯವರ ಮರುವಿತರಣೆಯಲ್ಲೂ ಜನ್ಮಸ್ಥಳವನ್ನು ಹಳೆಯದರಲ್ಲಿ ಇದ್ದಂತೆಯೇ ಬಿಡಿ. ಬದಲಿಸಲು ಹೋದರೆ ಬೇರೆ ದಾಖಲೆ ಕೇಳುತ್ತಾರೆ, ತಡವಾಗುತ್ತದೆ.

ಊರಿನ ಹೆಸರಿಗಿಂತ ನಿಮ್ಮ ಹೆಸರನ್ನು ನೋಡಿ. ನಮ್ಮಲ್ಲಿ ಅನೇಕ ಹೆಣ್ಣುಮಕ್ಕಳ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಸಾಲು ಖಾಲಿ ಇರುತ್ತದೆ, ಒಂದೇ ಹೆಸರು. ಮಕ್ಕಳು ಮೊಬೈಲಿನಲ್ಲಿ ಬುಕ್ ಮಾಡುವಾಗ ಆ ಸಾಲು ಖಾಲಿ ಬಿಡಲು ಬರುವುದಿಲ್ಲ. ಆಗ ಅಪ್ಪನ ಹೆಸರನ್ನೋ ಮನೆತನದ ಹೆಸರನ್ನೋ ತುಂಬಿಬಿಡುತ್ತಾರೆ. ಟಿಕೆಟ್‌ನಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಒಂದೇ ಹೆಸರಿನವರ ಟಿಕೆಟ್ ಹೇಗೆ ಬರೆಯಬೇಕು ಎಂಬುದಕ್ಕೆ ಪ್ರತಿ ಸಂಸ್ಥೆಗೂ ತನ್ನದೇ ಕ್ರಮವಿದೆ, ಫೋನ್ ಮಾಡಿ ಕೇಳಿ ತಿದ್ದಿಸಬೇಕು. ಮುಂದೆಂದಾದರೂ ದುಬೈಗೆ ಹೋಗುವ ಯೋಚನೆ ಇದ್ದರೆ ಇದು ಇನ್ನೂ ಮುಖ್ಯ. 2022ರ ನವೆಂಬರ್‌ನಿಂದ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡುವುದಕ್ಕೆ ನಿರ್ಬಂಧ ಹಾಕಿದೆ. ಮೂವರ ಪಾಸ್‌ಪೋರ್ಟ್‌ಗಳನ್ನೂ ಟಿಕೆಟ್‌ಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಅಕ್ಷರ ಅಕ್ಷರವಾಗಿ ಓದಿ. ಮೂವತ್ತು ವರ್ಷ ಮಕ್ಕಳ ಉತ್ತರ ಪತ್ರಿಕೆ ತಿದ್ದಿದ ಕಣ್ಣು ನಿಮ್ಮದು. ಈ ಕೆಲಸವನ್ನು ಬೇರೆಯವರಿಗೆ ಬಿಡಬೇಡಿ.

ವೀಸಾ ವಿಷಯದಲ್ಲಿ ಕ್ರೂಸ್‌ಗೇ ವಿಶೇಷವಾದ ಒಂದು ತೊಡಕು ಇದೆ. ನೀವು ಸಿಂಗಪುರವನ್ನು ಎರಡು ಸಲ ಪ್ರವೇಶಿಸುತ್ತೀರಿ: ವಿಮಾನದಿಂದ ಒಮ್ಮೆ, ಹಡಗಿನಿಂದ ಇಳಿದು ಮತ್ತೊಮ್ಮೆ. ವೀಸಾ ಹಾಳೆಯಲ್ಲಿ ‘ಸಿಂಗಲ್’ ಎಂದಿದ್ದರೆ ಹಡಗು ಹತ್ತುವ ಕೌಂಟರ್‌ನಲ್ಲೇ ನಿಲ್ಲಿಸುತ್ತಾರೆ, ಮರಳಿ ಬಂದಾಗ ನಿಮ್ಮನ್ನು ಇಳಿಸಿಕೊಳ್ಳಲು ಆಗುವುದಿಲ್ಲವಲ್ಲ! ಸಿಂಗಪುರ ನಮ್ಮವರಿಗೆ ಹೆಚ್ಚಾಗಿ ‘ಮಲ್ಟಿಪಲ್’ ವೀಸಾವನ್ನೇ ಕೊಡುತ್ತದೆ, ಹಾಗೆಂದು ನೋಡದೆ ಇರಬೇಡಿ. ಒಮ್ಮೆ ಆಳಂದ ಕಡೆಯ ಕುಟುಂಬವೊಂದರ ನಾಲ್ಕು ವೀಸಾ ಹಾಳೆಗಳು ನನ್ನ ಕೈಗೆ ಬಂದವು. ಮೇಲಿನದು ಮಲ್ಟಿಪಲ್, ಎರಡನೆಯದೂ ಹಾಗೆಯೇ, ಮೂರನೆಯದೂ. ನಾಲ್ಕನೆಯದನ್ನು ನೋಡದೆ ಮಡಚಿಡುವವನಿದ್ದೆ. ಅಜ್ಜಿಯದು, ಸಿಂಗಲ್. ಇನ್ನೂ ದಿನಗಳಿದ್ದವು, ಮತ್ತೆ ಅರ್ಜಿ ಹಾಕಿ ಸರಿಮಾಡಿದೆವು. ಅಂದಿನಿಂದ ಪ್ರತಿ ಹಾಳೆಯಲ್ಲೂ ಆ ಪದದ ಸುತ್ತ ಕೆಂಪು ಪೆನ್ನಿನಿಂದ ಗೆರೆ ಎಳೆದೇ ಕೊಡುತ್ತೇನೆ.

ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳ ವೀಸಾ ವಿನಾಯಿತಿ ಕೊಟ್ಟು, ಆಮೇಲೆ ಅದನ್ನು ವಿಸ್ತರಿಸಿತು. ಥಾಯ್ಲೆಂಡ್ 2024ರ ಜುಲೈಯಲ್ಲಿ ವಿನಾಯಿತಿಯನ್ನು 60 ದಿನಕ್ಕೆ ಏರಿಸಿತು. ಇಂಥ ವಿನಾಯಿತಿಗಳು ಪ್ರವಾಸಿಗರನ್ನು ಸೆಳೆಯಲು ಕೊಟ್ಟವು, ಆ ಸರ್ಕಾರಗಳು ಯಾವಾಗ ಬೇಕಾದರೂ ಬದಲಿಸಬಹುದು. ಹೊರಡುವ ಒಂದು ತಿಂಗಳ ಮೊದಲು ಒಮ್ಮೆ, ಒಂದು ವಾರದ ಮೊದಲು ಮತ್ತೊಮ್ಮೆ ನೋಡಿ. ‘ನಾವು ಫುಕೆಟ್‌ನಲ್ಲಿ ಇಳಿಯುವುದೇ ಇಲ್ಲ, ಹಡಗಿನಲ್ಲೇ ಕೂತಿರುತ್ತೇವೆ’ ಎಂದರೂ ಹಡಗಿನ ಸಂಸ್ಥೆಗಳು ದಾರಿಯಲ್ಲಿ ಬರುವ ಎಲ್ಲ ದೇಶಗಳ ಕಾಗದವನ್ನೂ ಕೇಳುತ್ತವೆ.

ಇವುಗಳ ಜೊತೆ ಆಗಮನ ಪತ್ರಗಳಿವೆ. ಸಿಂಗಪುರದ್ದನ್ನು ತಲುಪುವ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಮಲೇಷ್ಯಾಕ್ಕೂ ಒಂದಿದೆ, ಥಾಯ್ಲೆಂಡ್ 2025ರ ಮೇ 1ರಿಂದ ಶುರುಮಾಡಿದೆ. ಹಡಗಿನ ಪ್ರಯಾಣಿಕರಿಗೆ ಕೆಲವೊಮ್ಮೆ ಸಂಸ್ಥೆಯೇ ಇದನ್ನು ನೋಡಿಕೊಳ್ಳುತ್ತದೆ, ಮಗನಿಗೆ ಹೇಳಿ ಕೇಳಿಸಿಕೊಳ್ಳಿ. ಇವೆಲ್ಲ ಪೂರ್ತಿ ಉಚಿತ. ದುಡ್ಡು ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ. ನಮ್ಮ ಊರಿನವರೇ ಎಷ್ಟೋ ಜನ ಇಂಥ ನಕಲಿ ತಾಣಗಳಿಗೆ ತಲೆಗೆ ಎರಡು ಮೂರು ಸಾವಿರ ಕೊಟ್ಟು, ಪಾಸ್‌ಪೋರ್ಟಿನ ಚಿತ್ರವನ್ನೂ ಕೊಟ್ಟು ಬಂದಿದ್ದಾರೆ. ನನಗೆ ಹೆಚ್ಚು ಸಂಕಟವಾಗುವುದು ಆ ಚಿತ್ರದ ಬಗ್ಗೆ.

ಇನ್ನು ಯಜಮಾನರ ಇನ್ಸುಲಿನ್. ಇದಕ್ಕೆ ನಿಮ್ಮ ಪತ್ರದಲ್ಲಿ ಒಂದೇ ಸಾಲು ಕೊಟ್ಟಿದ್ದೀರಿ. ಇಡೀ ತಯಾರಿಯಲ್ಲಿ ಹೆಚ್ಚು ಗಮನ ಬೇಕಾದದ್ದು ಇದಕ್ಕೇ.

ಇನ್ಸುಲಿನ್ ಕೈಚೀಲದಲ್ಲೇ ಇರಬೇಕು. ಲಗೇಜಿನಲ್ಲಿ ಹಾಕಿದರೆ ವಿಮಾನದ ಕೆಳಗಿನ ಅಂಕಣದ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಲಗೇಜು ಬೇರೆ ಊರಿಗೆ ಹೋದರಂತೂ ಮುಗಿಯಿತು. 100 ಮಿಲಿಲೀಟರ್ ದ್ರವದ ನಿಯಮದಲ್ಲಿ ಔಷಧಿಗೆ ವಿನಾಯಿತಿ ಇದೆ. ಸೂಜಿ, ಪೆನ್, ಗ್ಲುಕೋಮೀಟರ್ ಎಲ್ಲ ಒಂದೇ ಪಾರದರ್ಶಕ ಚೀಲದಲ್ಲಿ ಇರಲಿ. ಜೊತೆಗೆ ವೈದ್ಯರ ಚೀಟಿ: ಯಜಮಾನರ ಹೆಸರು ಪಾಸ್‌ಪೋರ್ಟಿನಂತೆಯೇ, ಔಷಧಿಯ ಮೂಲ ಹೆಸರು, ಪ್ರಮಾಣ, ಸಹಿ, ಮೊಹರು. ಕಂಪನಿ ಇಟ್ಟ ಹೆಸರು ಮಾತ್ರ ಬರೆದರೆ ಹೊರದೇಶದ ವೈದ್ಯರಿಗೆ ಅರ್ಥವಾಗುವುದಿಲ್ಲ. ಬೇಕಾದದ್ದಕ್ಕಿಂತ ದುಪ್ಪಟ್ಟು ಒಯ್ಯಿರಿ. ಅರ್ಧ ಅವರ ಚೀಲದಲ್ಲಿ, ಅರ್ಧ ನಿಮ್ಮ ಚೀಲದಲ್ಲಿ.

ಹೈದರಾಬಾದ್ ದಾರಿಯಲ್ಲಿ ಊಟಕ್ಕೆ ಇಳಿದಾಗ ಆ ಚೀಲವನ್ನು ಕಾರಿನಲ್ಲಿ ಬಿಡಬೇಡಿ. ಡಿಸೆಂಬರ್ ಆದರೂ ನಮ್ಮ ಕಡೆಯ ಮಧ್ಯಾಹ್ನದ ಬಿಸಿಲಿಗೆ ಮುಚ್ಚಿದ ಕಾರು ಒಲೆಯಾಗುತ್ತದೆ. ಹಡಗಿನ ಕೋಣೆಯ ಚಿಕ್ಕ ಫ್ರಿಜ್ ಅನೇಕ ವೇಳೆ ಪಾನೀಯ ತಂಪಾಗಿಡುವಷ್ಟೇ ಇರುತ್ತದೆ. ಬಳಸುತ್ತಿರುವ ಪೆನ್ ಹೊರಗಿದ್ದರೆ ತೊಂದರೆಯಿಲ್ಲ; ತೆರೆಯದವುಗಳಿಗೆ ಸರಿಯಾದ ಫ್ರಿಜ್ ಬೇಕೆಂದು ಮೊದಲೇ ತಿಳಿಸಿ. ಬಳಸಿದ ಸೂಜಿ ಹಾಕಲು ಡಬ್ಬಿಯನ್ನೂ ಕೇಳಿದರೆ ಕೊಡುತ್ತಾರೆ. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ರಾತ್ರಿಯ ವಿಮಾನದಲ್ಲಿ ಊಟದ ಹೊತ್ತು ತಪ್ಪುತ್ತದೆ. ಆ ಒಂದು ದಿನ ಯಾವ ಹೊತ್ತಿಗೆ ಎಷ್ಟು ಯೂನಿಟ್ ಎಂದು ಅವರ ವೈದ್ಯರಿಂದ ಬರೆಸಿಕೊಳ್ಳಿ. ಅದನ್ನು ನಾನು ಹೇಳುವಂತಿಲ್ಲ, ಅಂದಾಜಿನಲ್ಲಿ ನೀವೂ ಮಾಡುವಂತಿಲ್ಲ.

ಮೂವರಲ್ಲಿ ಯಾರಾದರೂ ನಿದ್ದೆ ಮಾತ್ರೆ, ಅಥವಾ ಕೊಡೀನ್, ಟ್ರಾಮಡಾಲ್ ಇರುವ ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈಗಲೇ ಹೇಳಿ. ಇಲ್ಲಿ ಸುಲಭವಾಗಿ ಸಿಗುವ ಎಷ್ಟೋ ಮಾತ್ರೆಗಳು ಸಿಂಗಪುರದಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ, ಅಲ್ಲಿನ ಹೆಲ್ತ್ ಸೈನ್ಸಸ್ ಅಥಾರಿಟಿಯಿಂದ ಮುಂಚಿತವಾಗಿ ಅನುಮತಿ ಬೇಕಾಗಬಹುದು. ಅದಕ್ಕೆ ಎರಡು ಮೂರು ವಾರದ ಸಮಯ ಇಟ್ಟುಕೊಳ್ಳಬೇಕು.

ವಿಮೆ ಇಲ್ಲದೆ ಈ ಹಡಗು ಹತ್ತಬೇಡಿ. ಇದೊಂದು ಮಾತನ್ನು ಸಲಹೆಗಿಂತ ಒಂದು ತೂಕ ಹೆಚ್ಚಾಗಿ ಹೇಳುತ್ತಿದ್ದೇನೆ. ಹಡಗಿನಲ್ಲಿ ವೈದ್ಯರು ಇರುತ್ತಾರೆ, ಆದರೆ ಅವರ ಬಿಲ್ಲು ಟಿಕೆಟ್‌ನಲ್ಲಿ ಸೇರಿಲ್ಲ. ಪರಿಸ್ಥಿತಿ ಕೈಮೀರಿದರೆ ಹತ್ತಿರದ ಬಂದರಿನ ಆಸ್ಪತ್ರೆಗೆ ಇಳಿಸುತ್ತಾರೆ. ನಿಮ್ಮ ಇಲ್ಲಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಹೊರದೇಶಕ್ಕೆ ಅನ್ವಯಿಸುವುದಿಲ್ಲ. ಪ್ರಯಾಣ ವಿಮೆ ಕೊಳ್ಳುವಾಗ ಮೂರು ಸಂಗತಿ ಕೇಳಿ: ಕ್ರೂಸ್ ಸೇರಿದೆಯೇ, ಈಗಾಗಲೇ ಇರುವ ಕಾಯಿಲೆಯಿಂದ ಬಂದ ತೊಂದರೆಗೆ ಹಣ ಸಿಗುತ್ತದೆಯೇ, ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯೇ. ಕಂತು ಕಡಿಮೆಯಾಗಲಿ ಎಂದು ಸಕ್ಕರೆ ಕಾಯಿಲೆ ಮುಚ್ಚಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹಾಗೆ ಮುಚ್ಚಿಟ್ಟು, ಕಾಲಿನ ಗಾಯ ಕೀವಾಗಿ ಪೆನಾಂಗ್‌ನ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದ ಹಿರಿಯರೊಬ್ಬರ ಕಾಗದಪತ್ರ ನಾನೇ ನೋಡಿದ್ದೇನೆ. ವಿಮೆಯವರು ಒಂದು ರೂಪಾಯಿ ಕೊಡಲಿಲ್ಲ, ನಿಯಮದ ಪ್ರಕಾರ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆ ಮನೆಯವರಿಗೆ ಅದನ್ನು ವಿವರಿಸುವುದು ನನಗೆ ಬಹಳ ಕಷ್ಟವಾಯಿತು.

ಸಮುದ್ರದ ವಾಂತಿಯ ವಿಷಯ. ಬಸ್ಸಿನಲ್ಲಿ ನಿಮಗೆ ಹಾಗಾಗುವುದು ಹೊಟ್ಟೆಯ ದೋಷದಿಂದಲ್ಲ. ಒಳಕಿವಿ ‘ಅಲುಗಾಡುತ್ತಿದ್ದೇವೆ’ ಎನ್ನುತ್ತದೆ, ಮುಂದಿನ ಸೀಟಿನ ಬೆನ್ನು ನೋಡುತ್ತಿರುವ ಕಣ್ಣು ‘ಇಲ್ಲ, ಕೂತಲ್ಲೇ ಕೂತಿದ್ದೇವೆ’ ಎನ್ನುತ್ತದೆ. ಈ ಎರಡು ಸಾಕ್ಷಿಗಳ ಜಗಳ ಮಿದುಳಿಗೆ ತಾಳದೆ ವಾಕರಿಕೆ ಬರುತ್ತದೆ. ಬಸ್ಸಿನ ಕುಲುಕಾಟಕ್ಕೂ ದೊಡ್ಡ ಹಡಗಿನ ಚಲನೆಗೂ ಬಹಳ ಅಂತರವಿದೆ. ಅಲೆಯ ಹೊಯ್ದಾಟ ತಗ್ಗಿಸಲು ಹಡಗಿನ ಇಬ್ಬದಿಗೆ ರೆಕ್ಕೆಯಂಥ ಸಾಧನಗಳೂ ಇರುತ್ತವೆ. ಬಸ್ಸಿನಲ್ಲಿ ಕಷ್ಟಪಡುವ ಎಷ್ಟೋ ಜನ ಹಡಗಿನಲ್ಲಿ ಆರಾಮವಾಗಿ ಇದ್ದು ಬಂದಿದ್ದಾರೆ.

ನಿಮ್ಮ ಮಾರ್ಗವೂ ಅನುಕೂಲವಾಗಿದೆ. ಡಿಸೆಂಬರ್‌ನಲ್ಲಿ ಈಶಾನ್ಯ ಮಾರುತ ಬೀಸುವಾಗ ಒರಟಾಗುವುದು ಪೂರ್ವದ ದಕ್ಷಿಣ ಚೀನಾ ಸಮುದ್ರ. ನೀವು ಹೋಗುವುದು ಮಲಕ್ಕಾ ಜಲಸಂಧಿಯಲ್ಲಿ. ಒಂದು ಬದಿಗೆ ಮಲಯ ಪರ್ಯಾಯ ದ್ವೀಪ, ಇನ್ನೊಂದು ಬದಿಗೆ ಸುಮಾತ್ರಾ. ಎರಡು ಗೋಡೆಗಳ ನಡುವಿನ ಓಣಿಯಂತೆ ನೀರು ಶಾಂತವಾಗಿರುತ್ತದೆ. ಫುಕೆಟ್ ಇರುವ ಅಂಡಮಾನ್ ಸಮುದ್ರಕ್ಕೂ ಅದು ಒಳ್ಳೆಯ ಕಾಲ. ಕೋಣೆಯನ್ನು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೇಳಿ, ಅಲ್ಲಿ ಅಲುಗಾಟ ಕಡಿಮೆ. ತಲೆ ತಿರುಗುವಂತಾದರೆ ಕೋಣೆಯಲ್ಲಿ ಮಲಗಿ ಮೊಬೈಲ್ ನೋಡಬೇಡಿ, ಮೇಲೆ ಬಂದು ದಿಗಂತದ ಗೆರೆ ನೋಡುತ್ತ ನಿಲ್ಲಿ. ಮಾತ್ರೆಯನ್ನು ವಾಕರಿಕೆ ಶುರುವಾದ ಮೇಲೆ ನುಂಗಿ ಉಪಯೋಗವಿಲ್ಲ, ಮೊದಲೇ ತೆಗೆದುಕೊಳ್ಳಬೇಕು. ಅದು ಮಂಪರು ತರುತ್ತದೆ. ಗ್ಲಾಕೋಮಾ ಇದ್ದವರಿಗೆ, ಪ್ರಾಸ್ಟೇಟ್ ತೊಂದರೆ ಇರುವ ಗಂಡಸರಿಗೆ ಆಗಿಬರದಿರಬಹುದು. ಯಾವುದು ಸರಿ ಎಂದು ವೈದ್ಯರನ್ನು ಕೇಳಿ. ಯಜಮಾನರಿಗೆ ವಾಂತಿಯಾದರೆ ಅದನ್ನು ಲಘುವಾಗಿ ನೋಡಬೇಡಿ: ಇನ್ಸುಲಿನ್ ತೆಗೆದುಕೊಂಡು ಉಂಡ ಅನ್ನ ನಿಲ್ಲದಿದ್ದರೆ ಸಕ್ಕರೆ ಕುಸಿಯುತ್ತದೆ. ಕೂಡಲೇ ಹಡಗಿನ ವೈದ್ಯರ ಬಳಿ ಹೋಗಿ.

ಹಡಗು ಹತ್ತಿದ ದಿನ ಸುರಕ್ಷತಾ ತಾಲೀಮು ಇರುತ್ತದೆ. ದಣಿದಿದ್ದೇವೆ ಎಂದು ತಪ್ಪಿಸಬೇಡಿ. 2012ರ ಜನವರಿಯಲ್ಲಿ ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಆಗಷ್ಟೇ ಹತ್ತಿದ ನೂರಾರು ಜನರಿಗೆ ತಾಲೀಮೇ ಆಗಿರಲಿಲ್ಲ. ಅದರ ನಂತರವೇ, ಹೊರಡುವ ಮೊದಲು ಅಥವಾ ಹೊರಟ ಕೂಡಲೇ ತಾಲೀಮು ನಡೆಯಬೇಕೆಂಬ ಅಂತರರಾಷ್ಟ್ರೀಯ ನಿಯಮ 2015ರಿಂದ ಜಾರಿಗೆ ಬಂತು. ಕೋಣೆಯಿಂದ ನಿಮ್ಮ ಸೇರುವ ಜಾಗಕ್ಕೆ ಮೆಟ್ಟಿಲಿನ ದಾರಿಯಲ್ಲಿ ಒಮ್ಮೆ ನಡೆದು ನೋಡಿ. ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಹಡಗುಗಳಲ್ಲಿ ಹರಡುವ ನೊರೊವೈರಸ್ ವಾಂತಿಭೇದಿಗೆ ಸ್ಯಾನಿಟೈಸರ್ ಒಂದೇ ಸಾಲದು.

ರೊಟ್ಟಿಗೆ ಬರೋಣ. ಮನೆಯಲ್ಲಿ ಮಾಡಿದ ಆಹಾರವನ್ನು ಹಡಗಿನೊಳಗೆ ಸಾಮಾನ್ಯವಾಗಿ ಬಿಡುವುದಿಲ್ಲ. ಮುಚ್ಚಿದ, ಹೆಸರು ದಿನಾಂಕ ಮುದ್ರಿಸಿದ ಪೊಟ್ಟಣದ ಒಣ ತಿನಿಸಿಗೆ ಹೆಚ್ಚಿನ ಕಡೆ ಅಡ್ಡಿಯಿಲ್ಲ. ನಮ್ಮಲ್ಲಿ ಸ್ವಸಹಾಯ ಸಂಘದ ಮಹಿಳೆಯರು ಮಾಡುವ ಖಡಕ್ ಜೋಳದ ರೊಟ್ಟಿ ಹೀಗೆ ಪೊಟ್ಟಣದಲ್ಲಿ ಸಿಗುತ್ತದೆ. ಅಂಥದ್ದು ನಾಲ್ಕು, ಶೇಂಗಾ ಚಟ್ನಿ ಪುಡಿಯ ಪೊಟ್ಟಣ ಎರಡು ಸಾಕು. ನೀವೇ ಬಡಿದ ರೊಟ್ಟಿಯನ್ನೂ ಶೇಂಗಾ ಹೋಳಿಗೆಯನ್ನೂ ಮಗನ ಮನೆಗೆ ಒಯ್ದು ಅಲ್ಲೇ ಬಿಡಿ. ಆದರೆ ಗಸಗಸೆ ಮಾತ್ರ ಬೇಡವೇ ಬೇಡ. ಅದು ಅಫೀಮು ಗಿಡದ ಬೀಜವಾದ್ದರಿಂದ ಸಿಂಗಪುರದಲ್ಲಿ ನಿಷಿದ್ಧ. ಗಸಗಸೆ ಹಾಕಿ ಕುಟ್ಟಿದ ಮಸಾಲೆ ಪುಡಿಯೂ ಬೇಡ. ಎಲೆ ಅಡಿಕೆಯ ಜೊತೆ ಹಾಕಿಕೊಳ್ಳುವ ತಂಬಾಕು, ಗುಟ್ಕಾ, ಚ್ಯೂಯಿಂಗ್ ಗಮ್ ಅಲ್ಲಿಗೆ ಒಯ್ಯುವಂತಿಲ್ಲ. ಒಣ ಕೊಬ್ಬರಿಯ ಗಿಟುಕನ್ನು ವಿಮಾನದ ಲಗೇಜಿಗೆ ಬಿಡುವುದಿಲ್ಲ, ಅದರ ಎಣ್ಣೆ ಬೆಂಕಿ ಹಿಡಿಯುತ್ತದೆ. ಉಪ್ಪಿನಕಾಯಿ ಲಗೇಜಿನಲ್ಲಿ, ಪವರ್ ಬ್ಯಾಂಕ್ ಕೈಚೀಲದಲ್ಲಿ.

ಊಟಕ್ಕೆ ಉಪವಾಸ ಬೀಳುವುದಿಲ್ಲ. ಸಿಂಗಪುರದಿಂದ ಹೊರಡುವ ಹಡಗುಗಳಲ್ಲಿ ಭಾರತೀಯರು ಬಹಳ, ನಮ್ಮ ಸಸ್ಯಾಹಾರ ಇರುತ್ತದೆ. ಮೊದಲೇ ಬರೆದು ತಿಳಿಸಬೇಕು. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮೊಟ್ಟೆ ಬರಬಹುದು, ಮೀನಿನ ಸಾಸ್ ಹಾಕಿದ ತರಕಾರಿ ಬರಬಹುದು. ಮೊಟ್ಟೆ, ಮೀನು, ಮಾಂಸದ ಸಾರು ಯಾವುದೂ ಬೇಡ ಎಂದು ಬಿಡಿಸಿ ಹೇಳಿ. ಪೆನಾಂಗ್‌ನಲ್ಲಿ ಹಡಗು ನಿಲ್ಲುವ ಸ್ವೆಟನ್‌ಹ್ಯಾಮ್ ಕಟ್ಟೆಯಿಂದ ಜಾರ್ಜ್‌ಟೌನ್‌ನ ಲಿಟ್ಲ್ ಇಂಡಿಯಾ ಹತ್ತಿರ. ಬಾಳೆಎಲೆಯ ಮೇಲೆ ಅನ್ನ ಸಾರು ಸಿಗುತ್ತದೆ. ಫುಕೆಟ್‌ನಲ್ಲಿ ‘ಜೇ’ ಎಂಬ ಪದ ನೆನಪಿಡಿ, ಅಲ್ಲಿ ಪೂರ್ತಿ ಸಸ್ಯಾಹಾರಕ್ಕೆ ಹಾಗೆನ್ನುತ್ತಾರೆ.

ಪೂಜೆಗೆ ಯಾವ ಅಡ್ಡಿಯೂ ಇಲ್ಲ, ಬೆಂಕಿಯೊಂದನ್ನು ಬಿಟ್ಟು. ಹಡಗಿನಲ್ಲಿ ದೀಪ, ಊದುಬತ್ತಿ, ಕರ್ಪೂರ ಹಚ್ಚುವಂತಿಲ್ಲ. ನಡುನೀರಿನಲ್ಲಿ ಹಡಗಿಗೆ ಇರುವ ಅತಿ ದೊಡ್ಡ ಭಯ ಬೆಂಕಿಯದೇ. ಕೆಟಲ್, ಇಸ್ತ್ರಿಪೆಟ್ಟಿಗೆಗೂ ಅದೇ ಕಾರಣಕ್ಕೆ ನಿಷೇಧ. ವಿಭೂತಿಯನ್ನು ಪುಡಿಯಾಗಿ ಒಯ್ಯದೆ ಗಟ್ಟಿಯಾಗಿಯೇ ಒಯ್ಯಿರಿ. ಬಿಳಿ ಪುಡಿ ಕಂಡರೆ ತಪಾಸಣೆಯವರು ಚೀಲ ಬಿಚ್ಚಿಸುತ್ತಾರೆ. ಹಸಿ ಪತ್ರಿ, ಹೂವು ಬೇಡ. ಇಷ್ಟಲಿಂಗ ಕೊರಳಲ್ಲೇ ಇದ್ದರೆ, ಲೋಹಶೋಧಕದ ಬಳಿ ಮುಟ್ಟಿ ನೋಡುವ ಮೊದಲೇ ಇದು ಪೂಜೆಯ ಲಿಂಗ ಎಂದು ಹೇಳಿ, ಬೇಕಿದ್ದರೆ ಪ್ರತ್ಯೇಕ ಕೋಣೆಯಲ್ಲಿ ತಪಾಸಣೆ ಕೇಳಬಹುದು.

ನಿಮ್ಮ ವೇಳಾಪಟ್ಟಿಯಲ್ಲಿ ನಾನು ಒಪ್ಪದ ಒಂದು ಅಂಶವಿದೆ: ಬೆಳಿಗ್ಗೆ ವಿಮಾನ ಇಳಿದು ಅದೇ ಸಂಜೆ ಹಡಗು. ವಿಮಾನ ಆರು ಗಂಟೆ ತಡವಾದರೆ ಹಡಗು ಕಾಯುವುದಿಲ್ಲ, ಹಣವೂ ಬರುವುದಿಲ್ಲ. ಡಿಸೆಂಬರ್ 9ರ ವಿಮಾನಕ್ಕೆ ಬದಲಿಸಿದರೆ ಸ್ವಲ್ಪ ಹಣ ಹೋಗುತ್ತದೆ, ಮಗನ ಮನೆಯಲ್ಲಿ ಒಂದು ರಾತ್ರಿ ನಿದ್ದೆ ಸಿಗುತ್ತದೆ, ಯಜಮಾನರ ಇನ್ಸುಲಿನ್ ಹೊತ್ತು ಹೊಂದಿಕೊಳ್ಳುತ್ತದೆ. ನಾನಾಗಿದ್ದರೆ ಬದಲಿಸುತ್ತಿದ್ದೆ. ಬದಲಿಸಲು ಆಗದಿದ್ದರೆ, ಹಡಗು ತಪ್ಪಿದರೆ ಹಣ ಕೊಡುವ ವಿಮೆಯನ್ನಾದರೂ ಮಾಡಿಸಿ. ಹೈದರಾಬಾದಿಗೂ ಹಾಗೆಯೇ, ಸುಮಾರು 220 ಕಿಲೋಮೀಟರ್ ದಾರಿ, ಕೊನೆಯ ರೈಲನ್ನು ನಂಬಿ ಹೊರಡಬೇಡಿ. ಸಿಂಗಪುರದಲ್ಲಿ ಕ್ರೂಸ್ ನಿಲ್ದಾಣಗಳು ಎರಡು: ಮರೀನಾ ಬೇ ಒಂದು, ಹಾರ್ಬರ್‌ಫ್ರಂಟ್ ಇನ್ನೊಂದು. ನಿಮ್ಮದು ಯಾವುದೆಂದು ಟಿಕೆಟ್ ನೋಡಿ ಬರೆದಿಟ್ಟುಕೊಳ್ಳಿ.

ಸಿಂಗಪುರವೇ ಬೇಡ, ಮೊದಲು ಒಂದು ಪರೀಕ್ಷೆ ನೋಡೋಣ ಎಂದರೆ ಮುಂಬಯಿಯಿಂದ ಗೋವಾ, ಲಕ್ಷದ್ವೀಪದ ಕಡೆ ದೇಶೀಯ ಕ್ರೂಸ್‌ಗಳಿವೆ. ಕಲಬುರಗಿಯಿಂದ ನೇರ ರೈಲು, ವೀಸಾದ ಗೊಡವೆಯಿಲ್ಲ. ಆದರೆ ಹಡಗು ಚಿಕ್ಕದಾದಷ್ಟೂ ಅಲುಗಾಟ ಹೆಚ್ಚು, ಮಗನ ಮುಖ ನೋಡುವುದೂ ತಪ್ಪುತ್ತದೆ. ಬುಕಿಂಗ್ ರದ್ದು ಮಾಡಿದರೆ ಹೋಗುವ ಹಣ ಹೊರಡುವ ದಿನ ಹತ್ತಿರವಾದಂತೆ ಏರುತ್ತದೆ, ನಿರ್ಧಾರ ಯಾವುದೇ ಇರಲಿ ಈ ತಿಂಗಳಲ್ಲೇ ಮಾಡಿ.

ಖರ್ಚಿನ ಬಗ್ಗೆ ಎರಡೇ ಮಾತು. ‘ಎಲ್ಲವೂ ಸೇರಿದೆ’ ಎಂಬುದು ಪೂರ್ತಿ ನಿಜವಲ್ಲ. ಸಿಬ್ಬಂದಿಯ ಟಿಪ್ಸ್ ಹಣ, ವೈಫೈ, ವಿಶೇಷ ಊಟ ಬೇರೆ ಬಿಲ್ಲಾಗುತ್ತದೆ. ಹಡಗು ದಡ ಬಿಟ್ಟ ಕೂಡಲೇ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಇಲ್ಲವಾದರೆ ಅದು ಉಪಗ್ರಹದ ಜಾಲ ಹಿಡಿದು ಸಾವಿರಾರು ರೂಪಾಯಿ ಎಳೆಯುತ್ತದೆ.

ಮೊಬೈಲಿನಿಂದ ಇನ್ನೊಂದು ಅಪಾಯವೂ ಇದೆ. ಸಿಂಗಪುರ, ಪೆನಾಂಗ್ ಎರಡರ ಸಮಯ ಒಂದೇ. ಫುಕೆಟ್ ಒಂದು ಗಂಟೆ ಹಿಂದೆ. ಹಡಗು ಸಾಮಾನ್ಯವಾಗಿ ತನ್ನ ಸಿಂಗಪುರದ ಸಮಯವನ್ನೇ ಪಾಲಿಸುತ್ತದೆ, ಮೊಬೈಲ್ ಮಾತ್ರ ದಡಕ್ಕೆ ಕಾಲಿಟ್ಟ ತಕ್ಷಣ ತಾನಾಗಿ ಬದಲಾಗುತ್ತದೆ. ‘ಐದಕ್ಕೆ ಹಡಗಿನಲ್ಲಿರಬೇಕು’ ಎಂದಿದ್ದರೆ, ಮೊಬೈಲ್ ನಾಲ್ಕು ತೋರಿಸುವಾಗಲೇ ಅಲ್ಲಿ ಐದಾಗಿರುತ್ತದೆ. ಸೇಡಂನ ದಂಪತಿ ಹೀಗೆಯೇ ಅಂಗಡಿ ಸುತ್ತಿ ನಿಧಾನವಾಗಿ ಬಂದು, ಹೊರಟುಹೋದ ಹಡಗಿನ ಬೆನ್ನು ನೋಡುತ್ತ ನಿಂತಿದ್ದರು. ಪಾಸ್‌ಪೋರ್ಟ್ ಹಡಗಿನವರ ಬಳಿ ಇತ್ತು, ಪ್ರತಿ ಸಹ ಜೇಬಿನಲ್ಲಿ ಇರಲಿಲ್ಲ. ಸಂಸ್ಥೆಯೇ ಏರ್ಪಡಿಸಿದ ಸುತ್ತಾಟಕ್ಕೆ ಹೋದರೆ ತಡವಾದರೂ ಹಡಗು ಕಾಯುತ್ತದೆ, ಬೆಲೆ ಹೆಚ್ಚು. ಸ್ವಂತವಾಗಿ ಟ್ಯಾಕ್ಸಿ ಹಿಡಿದರೆ ಅಗ್ಗ, ಕಾಯುವವರು ಯಾರೂ ಇಲ್ಲ. ಫುಕೆಟ್‌ನಲ್ಲಿ ಹಡಗಿನ ಸುತ್ತಾಟ, ಪೆನಾಂಗ್‌ನಲ್ಲಿ ನೀವೇ ನಡೆದಾಡುವುದು, ಹೀಗೆ ಮಾಡಿ. ಎರಡೂ ಕಡೆ ಪಾಸ್‌ಪೋರ್ಟಿನ ಪ್ರತಿ, ಹಡಗಿನ ಕಾರ್ಡ್, ಬಂದರಿನ ಏಜೆಂಟರ ಫೋನ್ ಸಂಖ್ಯೆ, ಒಂದು ಹೊತ್ತಿನ ಇನ್ಸುಲಿನ್, ಸಕ್ಕರೆ ಕುಸಿದರೆ ಬಾಯಿಗೆ ಹಾಕಲು ಬೆಲ್ಲದ ಚೂರು ನಿಮ್ಮ ಕೈಚೀಲದಲ್ಲಿ ಇರಲಿ. ಯಜಮಾನರ ಮಣಿಕಟ್ಟಿಗೆ ಮೊಬೈಲಿಗೆ ಸಂಬಂಧವಿಲ್ಲದ, ಕೀಲಿ ಕೊಡುವ ಹಳೆಯ ಗಡಿಯಾರ ಕಟ್ಟಿ, ಹಡಗಿನ ಸಮಯಕ್ಕೆ ಇಟ್ಟುಬಿಡಿ.

ನಾದಿನಿಯವರ ಅರ್ಜಿಗೆ ಹಳೆಯ ಪಾಸ್‌ಪೋರ್ಟ್, ಅದರ ಮೊದಲ ಎರಡು ಮತ್ತು ಕೊನೆಯ ಎರಡು ಪುಟಗಳ ಪ್ರತಿ, ಇಸಿಆರ್ ಮುದ್ರೆ ಇರುವ ಪುಟದ ಪ್ರತಿ, ವಿಳಾಸದ ದಾಖಲೆ ಬೇಕು. ಕೇಂದ್ರದಲ್ಲಿ ಸಮಯ ಸಿಗಲು ಕೆಲವು ದಿನ ಹಿಡಿಯಬಹುದು, ನಾಳೆಯೇ ದಿನಾಂಕ ಪಡೆಯಿರಿ.